ಒಂದೇ ಪಾತ್ರೆಯೋ, ಚಿಕ್ಕ ಲೋಟಗಳೋ?

ಪ್ರಶ್ನೆ: ನಮ್ಮ ಹಳ್ಳಿಯ ಸಣ್ಣ ಕ್ರೈಸ್ತ ಸಭೆಯಲ್ಲಿ ಕರ್ತನ ಭೋಜನದ (ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ) ದ್ರಾಕ್ಷಾರಸವನ್ನು ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯುತ್ತ ಬಂದಿದ್ದೇವೆ. ಈಗ ಯುವಕರು ಆರೋಗ್ಯದ ಕಾರಣಕ್ಕೆ ಪ್ರತ್ಯೇಕ ಲೋಟಗಳನ್ನು ಕೇಳುತ್ತಿದ್ದಾರೆ. ಅದರಿಂದ ಅನ್ಯೋನ್ಯತೆಯೇ ಮುರಿಯುತ್ತದೆಂದು ಹಿರಿಯರು ಪಟ್ಟು ಹಿಡಿದಿದ್ದಾರೆ. ಏನು ಮಾಡುವುದು ಸೂಕ್ತ?

ಉತ್ತರ 1: ಇದು ಹೊಸ ತಲೆಮಾರಿನ ಹಠವೇನಲ್ಲ, ರೋಗ ಹರಡುವ ಭಯದಿಂದ 1890ರ ದಶಕದಲ್ಲೇ ಅಮೆರಿಕದ ಕೆಲವು ಪ್ರೊಟೆಸ್ಟೆಂಟ್ ಸಭೆಗಳು ಚಿಕ್ಕ ಲೋಟಗಳನ್ನು ಬಳಸತೊಡಗಿದವು. ಎಲ್ಲರ ಕೈಗೂ ಲೋಟ ಬಂದ ಮೇಲೆ ಒಟ್ಟಿಗೇ ಕುಡಿಯುವ ಕ್ರಮವನ್ನು ಇಟ್ಟುಕೊಳ್ಳಿ.

ಉತ್ತರ 2: ಹಿರಿಯರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು, ಏಕೆಂದರೆ ಮನಸ್ತಾಪವಿರುವ ನೆರೆಯವನು ತುಟಿಯಿಟ್ಟ ಪಾತ್ರೆಗೇ ತಾನೂ ತುಟಿಯಿಡುವುದೆಂದರೆ, ನನ್ನ ದೃಷ್ಟಿಯಲ್ಲಿ, ಅದೇ ರಾಜಿ.

ಉತ್ತರ 3: ರೊಟ್ಟಿಯನ್ನು ರಸದಲ್ಲಿ ಅದ್ದಿ ಸ್ವೀಕರಿಸುವ ಪದ್ಧತಿಯೂ ಉಂಟು, ಪಾತ್ರೆ ಒಂದೇ ಉಳಿಯುತ್ತದೆ.