ಅಪ್‌ಡೇಟ್: ರಾತ್ರಿ ಒಂಬತ್ತರ ಕಡ್ಡಾಯ ಮೀಟಿಂಗ್ ಕೊನೆಗೂ ನಿಂತಿತು

ಐಟಿ ಕಚೇರಿಯಲ್ಲಿ ದಿನದ ಕೆಲಸ ಮುಗಿದ ಮೇಲೂ ರಾತ್ರಿ ಒಂಬತ್ತಕ್ಕೆ ಕಡ್ಡಾಯ ಮೀಟಿಂಗ್, ಅದಕ್ಕೆ ಬಿಡಿಗಾಸೂ ಇಲ್ಲ, ಏನು ಮಾಡಲಿ ಎಂದು ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆನಲ್ಲ, ಅದು ಬಗೆಹರಿಯಿತು.

ಮ್ಯಾನೇಜರ್ ಜೊತೆ ನೇರವಾಗಿ ಮಾತನಾಡುವ ಸಲಹೆ ಕೈಗೂಡಲಿಲ್ಲ. "ನಾವೆಲ್ಲ ಒಂದೇ ಕುಟುಂಬವಲ್ಲವೇ" ಎಂದು ಕಾಫಿ ಕುಡಿಸಿ ಕಳುಹಿಸಿದರು. ಯಾವ ಕುಟುಂಬದಲ್ಲಿ ರಾತ್ರಿ ಹಾಜರಾತಿ ತೆಗೆದುಕೊಳ್ಳುತ್ತಾರೋ!

ಫಲ ಕೊಟ್ಟದ್ದು "ಬಾಯಿಮಾತು ಬಿಡಿ, ಲೆಕ್ಕ ಇಡಿ" ಎಂದವರ ಮಾತು. ಮೀಟಿಂಗ್ ಆಹ್ವಾನಗಳು, ಲಾಗಿನ್ ಆದ ಸಮಯ, "ಬರಲೇಬೇಕು" ಎಂಬ ಸಂದೇಶಗಳು, ಎಲ್ಲವನ್ನೂ ಒಂದು ಪಟ್ಟಿ ಮಾಡಿ ಎಚ್‌ಆರ್‌ಗೆ ಇಮೇಲ್ ಕಳುಹಿಸಿದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9, ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ದರದ ವೇತನ ಕೊಡಬೇಕೆಂದೂ ಬರೆದೆ. "ಪರಿಶೀಲಿಸುತ್ತೇವೆ" ಎಂಬ ಒಣ ಉತ್ತರ ಬಂತು. ಆಮೇಲೆ ಮೀಟಿಂಗ್ ಸಂಜೆ ನಾಲ್ಕಕ್ಕೆ ಬದಲಾಯಿತು, ಬಾಕಿ ಹಣ ಸಂಬಳದೊಂದಿಗೆ ಬಂತು. ದೂರು ಕೊಡಲು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿ, ಕಾರ್ಮಿಕ ಭವನದ ಮೆಟ್ಟಿಲು ಹತ್ತುವುದು ತಪ್ಪಿತು.

ಅಚ್ಚರಿಯ ಸಂಗತಿ: ಐಟಿಯವರಿಗೆ ಕಾರ್ಮಿಕ ಕಾನೂನೇ ಇಲ್ಲ ಎನ್ನುವುದು ಬರೀ ಗಾಳಿಮಾತು. ರಾಜ್ಯ ಸರ್ಕಾರ ಐಟಿ ಕಂಪನಿಗಳಿಗೆ ಕೊಟ್ಟಿದ್ದ ವಿನಾಯಿತಿ, ನೌಕರಿಯ ಷರತ್ತುಗಳನ್ನು ಲಿಖಿತವಾಗಿ ನಿಗದಿಪಡಿಸುವ ಸ್ಥಾಯಿ ಆದೇಶಗಳ ಕಾಯ್ದೆಯದು, ನಾನು ಹೇಳಿದ ಈ 1961ರ ಕಾಯ್ದೆಯದಲ್ಲ. ಆದರೆ ಆಡಳಿತ ಹುದ್ದೆಯಲ್ಲಿರುವವರಿಗೆ ಈ ಕಾಯ್ದೆಯ ರಕ್ಷಣೆ ಇಲ್ಲ. ಪಾಪ, ನಮ್ಮ ಮ್ಯಾನೇಜರ್‌ಗೆ ಚಿಕ್ಕಾಸೂ ಸಿಗಲಿಲ್ಲ.