ಅಪ್‌ಡೇಟ್: ಬೋರ್ಡಿಗೆ ತೂತು ಬಂತು, ಆದರೆ ಸಣ್ಣದಾಯಿತು!

ತೋಟದ ಪಂಪ್‌ಸೆಟ್ ಟೈಮರ್‌ಗೆ ಪಿಸಿಬಿ (ಬಿಡಿಭಾಗ ಬೆಸುಗೆ ಹಾಕುವ ಸರ್ಕ್ಯೂಟ್ ಬೋರ್ಡ್) ಆರ್ಡರ್ ಮಾಡಲು ಹೋದರೆ ಪ್ರಿವ್ಯೂನಲ್ಲಿ ಒಂದು ತೂತೂ ಕಾಣುತ್ತಿಲ್ಲ ಅಂತ ಕೇಳಿದ್ದೆನಲ್ಲ, ನೀವು ಹೇಳಿದ್ದೇ ಸರಿ. ಬೋರ್ಡ್ ಡಿಸೈನ್ ಮಾಡುವ ಸಾಫ್ಟ್‌ವೇರ್ ಕೈಕ್ಯಾಡ್‌ನಲ್ಲಿ ಗರ್ಬರ್ ಫೈಲ್ (ಪ್ರತಿ ಪದರದ ಚಿತ್ರ) ಮಾತ್ರ ತೆಗೆದಿದ್ದೆ. ತೂತು ಎಲ್ಲಿ, ಎಷ್ಟು ದೊಡ್ಡದು ಅಂತ ಹೇಳುವ ಡ್ರಿಲ್ ಫೈಲ್ ಬೇರೆಯಾಗಿ ತೆಗೆಯಬೇಕು. ಎರಡನ್ನೂ ಒಂದೇ ಜಿಪ್‌ಗೆ ಹಾಕಿದ ಮೇಲೆ ಎಲ್ಲ ತೂತೂ ಬಂದವು.

ನಿನ್ನೆ 5 ಬೋರ್ಡ್ ಕೈಸೇರಿದವು. ಬೇಕಿದ್ದದ್ದು ಒಂದೇ, ಅದಕ್ಕಿಂತ ಕಮ್ಮಿ ಮಾಡಿಕೊಡಲ್ಲ. ತಾಮ್ರದ ಎರಡು ಪದರ (ಮೇಲೊಂದು, ಕೆಳಗೊಂದು), 1.6 ಮಿ.ಮೀ. ದಪ್ಪ, ಅದೇ ಹಸಿರು ಬಣ್ಣ. ನೋಡಲು ಚೆಂದ.

ಆದರೆ ವೈರ್ ಸಿಕ್ಕಿಸುವ ಸ್ಕ್ರೂ ಟರ್ಮಿನಲ್ ಒಳಗೇ ಹೋಗಲಿಲ್ಲ! ನಾನು ಕೊಟ್ಟಿದ್ದು 1 ಮಿ.ಮೀ. ತೂತು. ವರ್ನಿಯರ್ ಹಿಡಿದರೆ ಪಿನ್ನೇ 1.3 ಇದೆ. ತಪ್ಪು ನನ್ನದೇ, ಫ್ಯಾಕ್ಟರಿಯವರದ್ದಲ್ಲ. ಕೈ ಡ್ರಿಲ್‌ನಲ್ಲಿ ಕೊರೆದೆ. ಎರಡು ಪದರ ಸೇರಿಸುವ, ತೂತಿನೊಳಗಿದ್ದ ತಾಮ್ರದ ಲೇಪವೂ ಪುಡಿಯಾಗಿ ಬಂತು. ಅಲ್ಲಿಗೆ ಮೇಲಿನ ಪದರದ ಕನೆಕ್ಷನ್ ಕಟ್. ಕೊನೆಗೆ ಅಡಿಯಿಂದ ಒಂದು ವೈರ್ ತುಂಡು ಬೆಸುಗೆ ಹಾಕಿದೆ. ಈಗ ರಿಲೇ (ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್) ಟಕ್ ಅನ್ನುತ್ತಿದೆ.

ಪೇಪರ್ ಮೇಲೆ ಬೋರ್ಡ್ ಡಿಸೈನನ್ನು ನಿಜ ಅಳತೆಗೆ ಪ್ರಿಂಟ್ ತೆಗೆದು ಪಿನ್ ಇಟ್ಟು ನೋಡಿ ಅಂತ ಒಬ್ಬರು ಹೇಳಿದ್ದರು. ಸುಮ್ನೆ ಯಾಕೆ ಅಂತ ಬಿಟ್ಟಿದ್ದೆ. ಉಳಿದ 4 ಬೋರ್ಡಿಗೂ ಇದೇ ಕೊರೆಯುವ ಕೆಲಸ, ಅಲ್ವಾ?