ಬೆಳಿಗ್ಗೆ ಕಾರಿನ ಎಂಜಿನ್ ಬೆಲ್ಟ್ ಕಿರ್ರ್ ಅನ್ನುತ್ತದೆ, ಬದಲಿಸಬೇಕಾ?

ಪ್ರಶ್ನೆ (ಶಿರಸಿ):
ಮಳೆ ಶುರುವಾದ ಮೇಲೆ ಕಾರು ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ಕಿರ್ರ್ ಸದ್ದು. ಎಸಿ ಹಾಕಿದರೆ ಇನ್ನೂ ಜಾಸ್ತಿ. ಬೆಲ್ಟಿನಲ್ಲಿ ಬಿರುಕು ಕಾಣುವುದಿಲ್ಲ. ಅಮ್ಮನನ್ನು ಕರೆದುಕೊಂಡು ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಹೋಗಬೇಕು. ಹೀಗೇ ಹೋಗಬಹುದಾ?

ಉತ್ತರ (ಹುಬ್ಬಳ್ಳಿ, ಗ್ಯಾರೇಜ್ ಕೆಲಸ):
ಬೇಡ ಸರ್, ಮೊದಲು ನೋಡಿಸಿ. ಈಗಿನ ಇಪಿಡಿಎಂ ಅನ್ನುವ ಕೃತಕ ರಬ್ಬರ್ ಬೆಲ್ಟ್ ಬಿರುಕು ಬಿಡುವುದು ಕಡಿಮೆ. ಒಳಗಿನ ಗೀರುಗಳು ಸವೆದು ಅಗಲವಾಗುತ್ತವೆ, ಅದು ಬರಿಗಣ್ಣಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಎಂಜಿನ್ ಓಡುವಾಗ ದೂರದಿಂದ ಗೀರಿನ ಕಡೆ ಸ್ವಲ್ಪ ನೀರು ಸ್ಪ್ರೇ ಮಾಡಿ. ಕೈ, ಬಟ್ಟೆ ಹತ್ತಿರ ಹೋಗದಿರಲಿ. ಸದ್ದು ಹೆಚ್ಚಾದರೆ ಬೆಲ್ಟ್ ಜಾರುತ್ತಿದೆ, ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಭಾಗ) ನೋಡಬೇಕು. ಸದ್ದು ನಿಂತು ಮತ್ತೆ ಬಂದರೆ ಪುಲ್ಲಿ (ಬೆಲ್ಟ್ ಸುತ್ತುವ ಚಕ್ರ) ಸಾಲು ತಪ್ಪಿರಬಹುದು. ಬೆಲ್ಟಿಗೆ ಹಿಡಿತ ಬರಲೆಂದು ಹೊಡೆಯುವ ಬೆಲ್ಟ್ ಡ್ರೆಸಿಂಗ್ ಸ್ಪ್ರೇ ಮಾತ್ರ ಹೊಡೆಯಬೇಡಿ, ಅದು ಸದ್ದು ಮುಚ್ಚುತ್ತದೆ ಅಷ್ಟೇ.

ಉತ್ತರ (ಮೈಸೂರು):
ಇದೇ ಬೆಲ್ಟ್, ಎಂಜಿನ್ ತಂಪಾಗಿಡುವ ನೀರನ್ನು ಹರಿಸುವ ವಾಟರ್ ಪಂಪನ್ನೂ ತಿರುಗಿಸುತ್ತದಾ ನೋಡಿ. ಹಾಗಿದ್ದರೆ ಘಾಟಿಯಲ್ಲಿ ತುಂಡಾದರೆ ಎಂಜಿನ್ ಬೇಗ ಕಾಯುತ್ತದೆ. ಬಿಚ್ಚುವ ಮುಂಚೆ ಬೆಲ್ಟ್ ಸುತ್ತಿದ ದಾರಿಯ ಫೋಟೋ ತೆಗೆದಿಡಿ.

ಪ್ರಶ್ನೆ ಕೇಳಿದವರು:
ನೀರು ಹಾಕಿದೆ, ಸದ್ದು ಜಾಸ್ತಿಯಾಯಿತು. ಟೆನ್ಷನರ್ ಬೇರಿಂಗ್ ಕೂಡ ಗರಗರ ಅನ್ನುತ್ತಿದೆ. ಎರಡನ್ನೂ ಒಟ್ಟಿಗೇ ಬದಲಿಸಲು ಹೇಳಿದ್ದೇನೆ. ಅಲ್ಲಿಯವರೆಗೆ ಅಮ್ಮನಿಗೆ ಬಸ್ಸೇ ಸರಿ.